ಹಲ್ವಾಪುರದ ಬೀಗ

ಹೆಣ್ಣುಮಕ್ಕಳ ಶಾಲೆಗೆ ಬೀಗ ಹಾಕಿದ ಕತೆಯನ್ನು ಅಳುತ್ತಾ ಹೇಳಬಹುದು, ಸಿಟ್ಟಿನಿಂದಲೂ ಹೇಳಬಹುದು. ಮಕ್ಕಳನ್ನು ಮುಂದೆ ಕೂರಿಸಿಕೊಂಡು ನಗುತ್ತಾ ಹೇಳಲು ಸಾಧ್ಯವೇ? 2013ರ ಜುಲೈ 28ರಂದು, ರಮಝಾನ್ ತಿಂಗಳ ನಡುವೆ, ಪಾಕಿಸ್ತಾನದ ಜಿಯೋ ತೇಜ್ ವಾಹಿನಿಯಲ್ಲಿ ಶುರುವಾದ ಒಂದು ಉರ್ದು ಕಾರ್ಟೂನ್ ಸರಣಿ ಅಂಥದೊಂದು ಪ್ರಯತ್ನ ಮಾಡಿತು. ಅದರ ಹೆಸರು ‘ಬುರ್ಖಾ ಅವೆಂಜರ್’. ಹೆಸರು ಕೇಳಿದ ಕೂಡಲೇ ಜಗತ್ತಿನ ಕಣ್ಣು ಬುರ್ಖಾದ ಮೇಲೆ ಬಿತ್ತು. ಅದು ಬೇಕಿತ್ತೆ, ಬೇಡವಾಗಿತ್ತೆ ಎಂದು ತಿಂಗಳುಗಟ್ಟಲೆ ವಾಗ್ವಾದ ನಡೆಯಿತು. ಕತೆಯೊಳಗಿನ ಬೀಗದ ಮೇಲೆ ಬಿದ್ದ ಕಣ್ಣುಗಳು ಕಡಿಮೆ. ಆ ಬೀಗಕ್ಕೆ ಈ ಉಪಖಂಡದಲ್ಲಿ ದೊಡ್ಡ ಚರಿತ್ರೆಯಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕತೆ ಸರಳವಾದದ್ದು. ಹಲ್ವಾಪುರ ಎಂಬುದೊಂದು ಕಲ್ಪಿತ ಊರು. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಜಿಯಾ ಎಂಬ ತರುಣಿ ಟೀಚರಮ್ಮ. ಅನಾಥೆಯಾದ ಅವಳನ್ನು ಸಾಕಿ ಬೆಳೆಸಿದವನು ಕಬಡ್ಡಿ ಜಾನ್ ಎಂಬ ಉಸ್ತಾದ. ಅವನು ಅವಳಿಗೆ ‘ತಖ್ತ್ ಕಬಡ್ಡಿ’ ಎಂಬ ವಿಚಿತ್ರ ಕಾಳಗದ ವಿದ್ಯೆಯನ್ನು ಕಲಿಸಿದ್ದಾನೆ. ಅದರಲ್ಲಿ ಕತ್ತಿ, ಕೋವಿಗಳಿಲ್ಲ. ಎಸೆಯುವುದಕ್ಕೆ ಇರುವುದು ಪುಸ್ತಕ ಮತ್ತು ಪೆನ್ನು. ಊರಿಗೆ ಆಪತ್ತು ಬಂದಾಗ ಜಿಯಾ ಕಪ್ಪು ಬುರ್ಖಾ ತೊಟ್ಟು, ಮುಖ ಮರೆಸಿಕೊಂಡು, ಹಾರಿ ಬರುತ್ತಾಳೆ. ಉಳಿದಂತೆ ದಿನವಿಡೀ ಅವಳು ಬುರ್ಖಾ ತೊಡುವುದಿಲ್ಲ, ತಲೆಗೆ ವಸ್ತ್ರವನ್ನೂ ಕಟ್ಟುವುದಿಲ್ಲ. ಅಶು, ಇಮ್ಮು ಎಂಬ ಅವಳಿ ಮಕ್ಕಳು, ಮೂಲಂಗಿಯ ಹೆಸರನ್ನೇ ಹೊತ್ತ ಮೂಲಿ ಎಂಬ ಗೆಳೆಯ ಮತ್ತು ಅವನ ಮೇಕೆ ಗೋಲು, ಇವರೇ ಕತೆಯ ಪುಟ್ಟ ಪಡೆ. ಎದುರಿಗೆ ಇಬ್ಬರು ಖಳರು. ಒಬ್ಬ ಬಾಬಾ ಬಂದೂಕ್, ಉದ್ದ ಗಡ್ಡದ ಮಾಟಗಾರ. ಇನ್ನೊಬ್ಬ ವಡೇರೊ ಪಜೇರೊ, ಊರಿನ ಭ್ರಷ್ಟ ರಾಜಕಾರಣಿ.

ಮೊದಲ ಕಂತಿನಲ್ಲೇ ಬೀಗ ಬರುತ್ತದೆ. ಶಾಲೆಗೆಂದು ಬಂದ ಹಣವನ್ನು ನುಂಗಬೇಕೆಂದು ವಡೇರೊ ಪಜೇರೊ ಲೆಕ್ಕ ಹಾಕುತ್ತಾನೆ. ಹುಡುಗಿಯರಿಗೆ ಓದು ಯಾಕೆ, ಮನೆಯಲ್ಲಿರಲಿ ಎನ್ನುವ ಬಾಬಾ ಬಂದೂಕ್ ಅವನ ಕೆಲಸಕ್ಕೆ ಒದಗುತ್ತಾನೆ. ಶಾಲೆಯ ಬಾಗಿಲು ಮುಚ್ಚುತ್ತದೆ. ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಈ ಬೀಗವನ್ನು ಹಿಡಿದಿರುವುದು ಎರಡು ಕೈ. ಒಂದು ಕೈಗೆ ದುಡ್ಡು ಬೇಕು, ಇನ್ನೊಂದು ಕೈಗೆ ಅಪ್ಪಣೆಯ ಗತ್ತು ಬೇಕು. ಒಬ್ಬನಿಗೆ ಇನ್ನೊಬ್ಬನಲ್ಲಿ ನಂಬಿಕೆಯಿಲ್ಲ, ಆದರೆ ಒಬ್ಬನಿಲ್ಲದೆ ಇನ್ನೊಬ್ಬನಿಗೆ ನಡೆಯುವುದಿಲ್ಲ. ರಾಜಕೀಯ ಶಾಸ್ತ್ರದ ದೊಡ್ಡ ಪುಸ್ತಕಗಳು ಹೇಳಲು ತಿಣುಕುವ ಈ ಮಾತನ್ನು ಒಂದು ಕಾರ್ಟೂನು ಏಳು ವರ್ಷದ ಮಗುವಿಗೆ ಅರ್ಥವಾಗುವಂತೆ ಹೇಳಿಬಿಟ್ಟಿತು.

ಸ್ವಾತ್‌ನಿಂದ ಹಲ್ವಾಪುರಕ್ಕೆ

ಈ ಸರಣಿಯನ್ನು ಕಟ್ಟಿದವರು ಹಾರೂನ್ ಎಂಬ ಪಾಪ್ ಗಾಯಕ. 1990ರ ದಶಕದಲ್ಲಿ ‘ಆವಾಜ್’ ಎಂಬ ತಂಡದಲ್ಲಿ ಹಾಡಿ ಪಾಕಿಸ್ತಾನದ ತರುಣರ ಮನಸ್ಸು ಗೆದ್ದಿದ್ದವರು. ಹೆಣ್ಣುಮಕ್ಕಳ ಶಾಲೆಗಳನ್ನು ಮುಚ್ಚಿಸುತ್ತಿದ್ದ ಸುದ್ದಿಗಳನ್ನು ಓದುತ್ತಿದ್ದಾಗ, 2010ರ ಸುಮಾರಿಗೆ, ಅವರಿಗೆ ಈ ಪಾತ್ರ ಹೊಳೆಯಿತು. ಮೊದಲು ಅದನ್ನು ಮೊಬೈಲಿನ ಆಟವಾಗಿ ಮಾಡಬೇಕೆಂದಿದ್ದರು. ಆಮೇಲೆ ಅದು ಟಿವಿ ಸರಣಿಯಾಗಿ ಬೆಳೆಯಿತು. ಇಸ್ಲಾಮಾಬಾದಿನ ಅವರ ಯೂನಿಕಾರ್ನ್ ಬ್ಲ್ಯಾಕ್ ಸಂಸ್ಥೆ ಅದನ್ನು ತಯಾರಿಸಿತು.

ಆ ಸುದ್ದಿಗಳು ಎಂಥವು ಎಂಬುದನ್ನು ನೆನಪಿಸಿಕೊಳ್ಳಬೇಕು. ಸ್ವಾತ್ ಕಣಿವೆಯಲ್ಲಿ ಮುಲ್ಲಾ ಫಝ್ಲುಲ್ಲಾನ ತಾಲಿಬಾನ್ ಗುಂಪು ರೇಡಿಯೋ ಮೂಲಕ ಅಪ್ಪಣೆಗಳನ್ನು ಹೊರಡಿಸುತ್ತಿತ್ತು. 2009ರ ಜನವರಿ 15ರ ನಂತರ ಯಾವ ಹುಡುಗಿಯೂ ಶಾಲೆಗೆ ಹೋಗಕೂಡದು ಎಂಬುದು ಅಂಥ ಒಂದು ಅಪ್ಪಣೆ. ಆ ದಿನಗಳಲ್ಲೇ ಮಿಂಗೋರಾದ ಒಬ್ಬ ಶಾಲಾ ಬಾಲಕಿ ‘ಗುಲ್ ಮಕಾಯ್’ ಎಂಬ ಗುಪ್ತನಾಮದಲ್ಲಿ ಬಿಬಿಸಿ ಉರ್ದುವಿಗೆ ದಿನಚರಿ ಬರೆಯತೊಡಗಿದಳು. ಅವಳು ಮಲಾಲಾ ಯೂಸುಫ್‌ಝಾಯ್. 2012ರ ಅಕ್ಟೋಬರ್ 9ರಂದು ಶಾಲೆಯಿಂದ ಮನೆಗೆ ಹಿಂದಿರುಗುತ್ತಿದ್ದ ಅವಳ ತಲೆಗೆ ಗುಂಡು ಹೊಡೆದರು. ಆ ಹೊತ್ತಿಗೆ ಹಾರೂನ್ ಅವರ ಸರಣಿ ತಯಾರಿಯಲ್ಲಿತ್ತು. ಮಲಾಲಾಳನ್ನು ನೋಡಿ ಜಿಯಾಳನ್ನು ಸೃಷ್ಟಿಸಿದರು ಎಂದು ಅನೇಕರು ಬರೆದರು. ಕಾಲಕ್ರಮ ನೋಡಿದರೆ ಅದು ಸರಿಯಲ್ಲ. ಒಂದೇ ಬೀಗ ಇಬ್ಬರನ್ನೂ ಹುಟ್ಟಿಸಿತು. ಒಬ್ಬಳು ಗುಪ್ತನಾಮದ ಮರೆಯಲ್ಲಿ ಪೆನ್ನು ಹಿಡಿದಳು, ಇನ್ನೊಬ್ಬಳು ಬುರ್ಖಾದ ಮರೆಯಲ್ಲಿ. ಹೆಸರು ಮರೆಸಿಕೊಳ್ಳದೆ ಮಾತಾಡಲಾಗದ ಕಾಲದಲ್ಲಿ ಮುಖವಾಡವೇ ನಾಲಗೆಯಾಗುತ್ತದೆ.

ನಗುವಿನ ಹಳೆಯ ವಂಶ

ಈಗ ನಗುವಿನ ವಿಚಾರ. ಹೆಸರುಗಳನ್ನೇ ನೋಡಿ. ವಡೇರೊ ಎಂದರೆ ಸಿಂಧ್ ಪ್ರಾಂತ್ಯದಲ್ಲಿ ದೊಡ್ಡ ಜಮೀನ್ದಾರ. ಪಜೇರೊ ಎಂಬುದು ಜಪಾನಿನ ಮಿತ್ಸುಬಿಶಿ ಕಂಪೆನಿಯ ದೊಡ್ಡ ಗಾಡಿ. ಪಾಕಿಸ್ತಾನದಲ್ಲಿ ಅದು ಜಮೀನ್ದಾರ ರಾಜಕಾರಣಿಗಳ ಠೀವಿಯ ಗುರುತಾಗಿತ್ತು. ಎರಡನ್ನೂ ಜೋಡಿಸಿದರೆ ಪ್ರಾಸವೂ ಆಯಿತು, ಜಾತಕವೂ ಆಯಿತು. ಬಾಬಾ ಎಂಬ ಗೌರವದ ಪದದ ಪಕ್ಕಕ್ಕೆ ಬಂದೂಕವನ್ನು ನಿಲ್ಲಿಸಿದರೆ ಆ ಗೌರವ ಎಲ್ಲಿಂದ ಬಂದದ್ದೆಂದು ವಿವರಿಸಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಅಡ್ಡಹೆಸರಿಡುವ ಅಜ್ಜಿಯರಿಗೆ ಈ ಕಲೆ ಚೆನ್ನಾಗಿ ಗೊತ್ತು. ಭಯ ಹುಟ್ಟಿಸುವವನಿಗೆ ಒಂದು ಅಡ್ಡಹೆಸರು ಅಂಟಿಸಿದರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ.

ಉರ್ದು ಶಾಲೆಯ ಬೆಂಚಿನ ಮೇಲೆ ಕೂತು ಬಂದ ನಮ್ಮಂಥವರಿಗೆ ಈ ನಗು ಅಮೆರಿಕದಿಂದ ಬಂದದ್ದೆಂದು ಅನಿಸುವುದಿಲ್ಲ. ಸೂಪರ್ ಹೀರೋ ಎಂಬ ಅಚ್ಚು ಅಲ್ಲಿಯದೇ, ನಿಜ. 1938ರಲ್ಲಿ ಸೂಪರ್‌ಮ್ಯಾನ್, 1939ರಲ್ಲಿ ಬ್ಯಾಟ್‌ಮ್ಯಾನ್ ಬಂದರು. ಅವರನ್ನು ಸೃಷ್ಟಿಸಿದವರು ವಲಸೆ ಬಂದ ಯಹೂದಿ ಕುಟುಂಬಗಳ ತರುಣರು ಎಂಬುದೂ ಗಮನಿಸಬೇಕಾದ ಸಂಗತಿ. ಹಗಲಿಗೊಂದು ಮುಖ, ಇರುಳಿಗೊಂದು ಮುಖ ಎಂಬ ಕಲ್ಪನೆ ಅಲ್ಪಸಂಖ್ಯಾತರ ಮನೆಗಳಿಗೆ ಹೊಸದಲ್ಲ. ಆದರೆ ವೇಷ ಮರೆಸಿಕೊಂಡು ಬಂದು, ಮಾಟಗಾರನ ಮೂಗಿಗೆ ಸುಣ್ಣ ಹಚ್ಚಿ, ಕೇಳುವವರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುವ ವೀರರು ಉರ್ದುವಿನಲ್ಲಿ ಅದಕ್ಕೂ ಮೊದಲೇ ಇದ್ದರು. ಅಮೀರ್ ಹಂಝಾ ದಾಸ್ತಾನಿನ ಅಯ್ಯಾರರೇ ಅವರು. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಸಂಪುಟ ಸಂಪುಟವಾಗಿ ಹೊರತಂದ ‘ತಿಲಿಸ್ಮ್-ಎ-ಹೋಶ್‌ರುಬಾ’ದಲ್ಲಿ ಮಾಟಗಾರರ ದೊರೆ ಅಫ್ರಾಸಿಯಾಬನಿಗೆ ತಲೆನೋವಾಗುವವನು ಅಮರ್ ಅಯ್ಯಾರ್. ಅವನ ಹೆಗಲಿನ ಝಂಬೀಲ್ ಎಂಬ ಚೀಲದಲ್ಲಿ ಇಡೀ ಜಗತ್ತೇ ಹಿಡಿಸುತ್ತದೆ. ಹೊದ್ದರೆ ಕಾಣದಂತಾಗುವ ಕಂಬಳಿ ಅವನಲ್ಲಿದೆ. ಮುದುಕಿಯ ವೇಷ ಹಾಕಿ ಬಂದು ಮಹಾ ಮಾಟಗಾರರನ್ನು ಮಂಗ ಮಾಡುತ್ತಾನೆ. ಆ ದಾಸ್ತಾನಿನಲ್ಲಿ ಹೆಣ್ಣು ಅಯ್ಯಾರರೂ ಇದ್ದಾರೆ. ಸರ್‌ಸರ್ ಶಂಶೀರ್‌ಝನ್ ಅವರ ನಾಯಕಿ.

ಬಾಬಾ ಬಂದೂಕ್‌ನನ್ನು ಮೌಲ್ವಿಯಾಗಿ ಚಿತ್ರಿಸದೆ ಮಾಟಗಾರನಾಗಿ ಚಿತ್ರಿಸಿದ್ದರಲ್ಲಿ ಒಂದು ಜಾಣತನವಿದೆ. ಧರ್ಮದ ಜತೆ ಜಗಳಕ್ಕೆ ನಿಲ್ಲದೆ, ಧರ್ಮದ ಅಂಗಿ ತೊಟ್ಟ ಮಾಟದ ಜತೆ ಜಗಳವಾಡುವ ದಾರಿಯನ್ನು ದಾಸ್ತಾನು ಹೇಳುವವರು ಮೊದಲೇ ತೋರಿಸಿಕೊಟ್ಟಿದ್ದರು. ಹಾರೂನ್ ಅವರು ಇದನ್ನು ಓದಿ ಮಾಡಿದರೋ ಬಿಟ್ಟರೋ ಅದು ಬೇರೆ ಮಾತು. ಅಜ್ಜಿಯರಿಂದ ಕೇಳಿದ ಕತೆಗಳು ಓದದಿದ್ದರೂ ಒಳಗಿರುತ್ತವೆ.

ತಾಯಂದಿರ ಹೆಸರಿನಲ್ಲಿ

ಮೊದಲ ಕಂತಿಗೆ ಮತ್ತೆ ಬರೋಣ. ಬೀಗ ಬಿದ್ದ ಶಾಲೆಯ ಮುಂದೆ ಪುಟ್ಟ ಅಶು ಹೆದರದೆ ಮಾತಾಡುತ್ತಾಳೆ. ಇವತ್ತಿನ ಹುಡುಗಿಯರೇ ನಾಳೆಯ ತಾಯಂದಿರು, ತಾಯಿಗೇ ಅಕ್ಷರ ಬಾರದಿದ್ದರೆ ಮುಂದಿನ ಪೀಳಿಗೆಯ ಗತಿಯೇನು ಎಂಬುದು ಅವಳ ವಾದದ ಸಾರ. ನೋಡುವವರಿಗೆ ಕಣ್ಣು ತುಂಬಿಬರುತ್ತದೆ. ಆದರೆ ಈ ವಾದ ಅಶುವಿಗಿಂತ ನೂರೈವತ್ತು ವರ್ಷ ದೊಡ್ಡದು.

1869ರಲ್ಲಿ ಡೆಪ್ಯುಟಿ ನಝೀರ್ ಅಹ್ಮದ್ ತಮ್ಮ ಹೆಣ್ಣುಮಕ್ಕಳ ಓದಿಗೆಂದು ‘ಮಿರಾತ್-ಉಲ್-ಉರೂಸ್’ ಬರೆದರು. ಉರ್ದುವಿನ ಮೊದಲ ಕಾದಂಬರಿ ಎಂದು ಅದನ್ನು ಕರೆಯುವವರಿದ್ದಾರೆ. ಆಗಿನ ವಾಯವ್ಯ ಪ್ರಾಂತ್ಯದ ಸರಕಾರ ಅದಕ್ಕೆ 1000 ರೂಪಾಯಿ ಬಹುಮಾನ ಕೊಟ್ಟಿತು. ಅದರಲ್ಲಿ ಅಕ್ಬರಿ, ಅಸ್ಗರಿ ಎಂಬ ಅಕ್ಕತಂಗಿಯರು. ಓದದ ಅಕ್ಬರಿ ಮನೆ ಕೆಡಿಸುತ್ತಾಳೆ, ಓದಿದ ಅಸ್ಗರಿ ಮನೆ ಬೆಳಗುತ್ತಾಳೆ. ಬೆಳಗುವುದಷ್ಟೇ ಅಲ್ಲ, ಮನೆಯಲ್ಲೇ ಹುಡುಗಿಯರಿಗೆ ಪಾಠ ಹೇಳಲು ಕೂರುತ್ತಾಳೆ. ಒಂದು ರೀತಿಯಲ್ಲಿ ಉರ್ದು ಕತೆಗಳ ಮೊದಲ ಟೀಚರಮ್ಮ ಅವಳೇ. 1906ರಲ್ಲಿ ಅಲಿಘರ್‌ನಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ ಹೆಣ್ಣುಮಕ್ಕಳ ಶಾಲೆ ತೆರೆದಾಗಲೂ ಊರಿನ ಹಿರಿಯರನ್ನು ಒಲಿಸಲು ಒಳ್ಳೆಯ ಗೃಹಿಣಿ, ಒಳ್ಳೆಯ ತಾಯಿ ಎಂಬ ಮಾತುಗಳೇ ಬೇಕಾದವು.

ಈ ವಾದದಿಂದ ಬಾಗಿಲು ತೆರೆಯಿತು, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಹುಡುಗಿಯ ಓದು ಅವಳಿಗಾಗಿಯೇ ಯಾಕಿರಬಾರದು? ಅವಳಿಗೆ ಓದಲು ಆಸೆ ಎಂಬಷ್ಟು ಕಾರಣ ಯಾಕೆ ಸಾಲದು? ಗಂಡುಮಗು ಶಾಲೆಗೆ ಹೊರಟಾಗ ನಾಳೆ ತಂದೆಯಾಗುತ್ತಾನೆಂದು ಯಾರೂ ಸಮರ್ಥನೆ ಕೊಡುವುದಿಲ್ಲ. ಈ ಪ್ರಶ್ನೆಯನ್ನು ಎತ್ತಿದವರಲ್ಲಿ ಬೇಗಂ ರುಕಿಯಾ ಮುಖ್ಯರು. ಅವರ ‘ಸುಲ್ತಾನಾಸ್ ಡ್ರೀಮ್’ ಎಂಬ ಇಂಗ್ಲಿಷ್ ಕತೆ 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆ ಕತೆಯ ದೇಶದಲ್ಲಿ ಗಂಡಸರು ಒಳಮನೆಯಲ್ಲಿದ್ದಾರೆ, ಹೆಂಗಸರು ವಿಶ್ವವಿದ್ಯಾಲಯ ನಡೆಸುತ್ತಾರೆ. ಶತ್ರು ಸೈನ್ಯ ಬಂದಾಗ ಹೆಂಗಸರು ಕತ್ತಿ ಹಿಡಿಯುವುದಿಲ್ಲ; ಕೂಡಿಟ್ಟ ಸೂರ್ಯನ ಶಾಖವನ್ನು ಶತ್ರುವಿನ ಮೇಲೆ ತಿರುಗಿಸಿ ಓಡಿಸುತ್ತಾರೆ. ಕತೆಯ ತುಂಬ ತುಂಟ ನಗು. ವಿದ್ಯೆಯನ್ನು ಆಯುಧ ಮಾಡಿಕೊಂಡ ಹೆಣ್ಣು ಜಿಯಾಳಿಗಿಂತ ನೂರೆಂಟು ವರ್ಷ ಮೊದಲೇ ನಮ್ಮ ನಡುವೆ ಬಂದಿದ್ದಳು. ಅವಳನ್ನು ತಂದವರು ಪರದೆಯಲ್ಲಿ ಬೆಳೆದ ಒಬ್ಬ ಬಂಗಾಳಿ ಮುಸ್ಲಿಂ ಮಹಿಳೆ.

ಅಶು ಹಳೆಯ ವಾದವನ್ನೇ ಹೇಳಿದರೂ ಸರಣಿ ಅವಳಿಗಿಂತ ಒಂದು ಹೆಜ್ಜೆ ಮುಂದಿದೆ. ಜಿಯಾ ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಅವಳ ಬದುಕು ಅದರಿಂದ ಅರೆಯಾಯಿತೆಂದು ಹಲ್ವಾಪುರದಲ್ಲಿ ಯಾರೂ ಮರುಗುವುದಿಲ್ಲ.

ಬಟ್ಟೆಯ ಜಗಳ

ಸರಣಿ ತೆರೆಗೆ ಬರುತ್ತಿದ್ದಂತೆ ಆಕ್ಷೇಪ ಎದ್ದದ್ದು ಮಾಟಗಾರರ ಕಡೆಯಿಂದಲ್ಲ. ಅಮೆರಿಕದಲ್ಲಿ ಪಾಕಿಸ್ತಾನದ ರಾಯಭಾರಿಯಾಗಿದ್ದ ಶೆರ್ರಿ ರೆಹಮಾನ್, ಕಾದಂಬರಿಗಾರ್ತಿ ಬಿನಾ ಶಾ ಮುಂತಾದ ಮಹಿಳೆಯರೇ ಪ್ರಶ್ನೆ ಎತ್ತಿದರು. ಹೆಣ್ಣನ್ನು ಮರೆಮಾಡುವ ವಸ್ತ್ರವನ್ನೇ ಶಕ್ತಿಯ ಗುರುತೆಂದು ಎಳೆಯ ಹುಡುಗಿಯರಿಗೆ ತೋರಿಸುವುದು ಸರಿಯೇ ಎಂಬುದು ಅವರ ಕಳವಳ. ಬಲವಂತದ ಬುರ್ಖಾವನ್ನು ಕಂಡ ನೆಲದಿಂದ ಬಂದ ಆ ಕಳವಳವನ್ನು ತಳ್ಳಿಹಾಕುವಂತಿಲ್ಲ. ಹಾರೂನ್ ಕೊಟ್ಟ ಉತ್ತರವೂ ಪೊಳ್ಳಲ್ಲ. ಜಿಯಾ ಬುರ್ಖಾವನ್ನು ತಾನೇ ಆರಿಸಿಕೊಂಡಿದ್ದಾಳೆ, ಗುರುತು ಮರೆಸುವುದಕ್ಕಷ್ಟೇ ತೊಡುತ್ತಾಳೆ, ಬೇರೆ ದೇಶದ ವೀರರ ಬಿಗಿಯುಡುಪಿಗಿಂತ ಈ ನೆಲದ್ದೊಂದು ಉಡುಪು ಬೇಕಿತ್ತು ಎಂಬುದು ಅವರ ನಿಲುವು.

ಇದಕ್ಕೂ ಮೊದಲು ತೆರೆಯ ಮೇಲೆ, ಕಾಮಿಕ್ಸಿನಲ್ಲಿ ಬುರ್ಖಾ ಹೇಗೆ ಬಂದಿತ್ತು ಎಂಬುದನ್ನು ನೋಡಿದರೆ ಜಗಳದ ತೂಕ ಗೊತ್ತಾಗುತ್ತದೆ. 2002ರಲ್ಲಿ ಅಮೆರಿಕದ ಮಾರ್ವೆಲ್ ಕಂಪೆನಿಯ ಎಕ್ಸ್-ಮೆನ್ ಕತೆಗಳಲ್ಲಿ ‘ಡಸ್ಟ್’ ಎಂಬ ಅಫಘಾನ್ ಹುಡುಗಿ ಕಾಣಿಸಿಕೊಂಡಳು. ಮೈತುಂಬ ಕಪ್ಪು ವಸ್ತ್ರ, ಮರಳಾಗಿ ಬೀಸುವ ಶಕ್ತಿ. ಅಷ್ಟೆಲ್ಲ ಶಕ್ತಿಯಿದ್ದರೂ ಕತೆಯೊಳಗೆ ಅವಳು ಬರುವುದು ವುಲ್ವರಿನ್ ಎಂಬ ಪಶ್ಚಿಮದ ವೀರ ಕಾಪಾಡಿ ತಂದವಳಾಗಿ. ಅಮೆರಿಕದ ಸೈನ್ಯ ಅಫಘಾನಿಸ್ತಾನಕ್ಕೆ ಇಳಿದು ಒಂದು ವರ್ಷವಾಗಿದ್ದ ಹೊತ್ತು ಅದು. 2006ರ ರಮಝಾನಿನಲ್ಲಿ ದುಬೈಯಿಂದ ‘ಫ್ರೀಜ್’ ಎಂಬ ಹಾಸ್ಯ ಸರಣಿ ಬಂತು. ಮುಖಕ್ಕೆ ಹಳೆಯ ಕಾಲದ ಬುರ್ಖಾ ಕಟ್ಟಿದ ನಾಲ್ವರು ಅಜ್ಜಿಯರು ಬದಲಾಗುತ್ತಿರುವ ಊರನ್ನು ನೋಡಿ ಗೊಣಗುತ್ತಾರೆ, ನಗಿಸುತ್ತಾರೆ. ಅದೇ ವರ್ಷ ಕುವೈತಿನ ಮನಶ್ಶಾಸ್ತ್ರಜ್ಞ ನಾಯಿಫ್ ಅಲ್-ಮುತವ್ವ ‘ದಿ 99’ ಕಾಮಿಕ್ಸ್ ಶುರುಮಾಡಿದರು. 1258ರಲ್ಲಿ ಬಗ್ದಾದಿನ ಗ್ರಂಥಾಲಯ ನಾಶವಾದಾಗ ಅದರ ಜ್ಞಾನವನ್ನೆಲ್ಲ ಕಲ್ಲುಗಳಲ್ಲಿ ಉಳಿಸಿದರು, ಆ ಕಲ್ಲುಗಳಿಂದ ಇಂದಿನ ಮಕ್ಕಳಿಗೆ ಶಕ್ತಿ ಬಂತು ಎಂಬುದು ಅದರ ಕತೆ. ಹೀಗೆ ನೋಡಿದರೆ ಜಿಯಾಳ ಹೊಸತನ ಅವಳ ಬಟ್ಟೆಯಲ್ಲಿಲ್ಲ. ಕಾಪಾಡಿಸಿಕೊಳ್ಳುವವಳ ಜಾಗದಿಂದ ಎದ್ದು ಕಾಪಾಡುವವಳ ಜಾಗದಲ್ಲಿ ಅವಳು ನಿಂತಳು.

ಬೀಗದಾಚೆಗೂ ಸರಣಿ ಕೈಚಾಚಿತು. ಬಾಲಕಾರ್ಮಿಕತನ, ಪರಿಸರ, ಬೇರೆಯವರನ್ನು ಕೀಳಾಗಿ ಕಾಣುವುದು, ಇವೆಲ್ಲ ಒಂದೊಂದು ಕಂತಾದವು. ಪೋಲಿಯೋ ಹನಿಯ ಕುರಿತೂ ಕಂತು ಬಂತು. ಅದು ಸುಲಭದ ವಿಷಯವಾಗಿರಲಿಲ್ಲ. 2012ರ ಡಿಸೆಂಬರಿನಲ್ಲಿ ಕರಾಚಿ, ಪೇಶಾವರಗಳಲ್ಲಿ ಹನಿ ಹಾಕಲು ಹೋದ ಆರೋಗ್ಯ ಕಾರ್ಯಕರ್ತೆಯರನ್ನು ಗುಂಡಿಟ್ಟು ಕೊಂದಿದ್ದರು. ಒಸಾಮಾ ಬಿನ್ ಲಾದೆನ್‌ನನ್ನು ಹುಡುಕಲು ಅಮೆರಿಕದ ಸಿಐಎ ಅಬ್ಬೊಟ್ಟಾಬಾದಿನಲ್ಲಿ ಸುಳ್ಳು ಲಸಿಕೆ ಅಭಿಯಾನ ನಡೆಸಿದ್ದು 2011ರಲ್ಲಿ ಬಯಲಾದ ಮೇಲೆ ಲಸಿಕೆಯ ಮೇಲಿನ ಅನುಮಾನ ಇನ್ನಷ್ಟು ಬಲವಾಗಿತ್ತು. ತಾಯಂದಿರ ಭಯವೆಲ್ಲ ಅಜ್ಞಾನದ್ದಲ್ಲ ಎಂದು ಒಪ್ಪಿಕೊಂಡು, ಆದರೂ ಹನಿ ಹಾಕಿಸಿ ಎಂದು ಹೇಳಬೇಕಿತ್ತು. ಭಾಷಣದಿಂದ ಆಗದ ಇಂಥ ಕೆಲಸಕ್ಕೆ ನಗುವೇ ಸರಿಯಾದ ದಾರಿ.

ಮನ್ನಣೆಯೂ ಬಂತು. 2013ನೇ ಸಾಲಿನ ಪೀಬಡಿ ಪ್ರಶಸ್ತಿ ಈ ಸರಣಿಗೆ ಸಂದಿತು. ಆ ವರ್ಷದ ಪ್ರಭಾವಿ ಕಾಲ್ಪನಿಕ ಪಾತ್ರಗಳ ಪಟ್ಟಿಯಲ್ಲಿ ಟೈಮ್ ಪತ್ರಿಕೆ ಅವಳನ್ನು ಸೇರಿಸಿತು. 2015ರಲ್ಲಿ ಆಗಿನ ಝೀಕ್ಯೂ ಮಕ್ಕಳ ವಾಹಿನಿಯ ಮೂಲಕ ಅವಳು ಗಡಿ ದಾಟಿ ಭಾರತಕ್ಕೂ ಬಂದಳು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಮಾತಾಡಿದಳು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

ಆದರೆ ಬಟ್ಟೆಯ ಜಗಳಕ್ಕೆ ಕನ್ನಡದ ಅನುವಾದ ಬೇಕಾಗಲಿಲ್ಲ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಕಾಲೇಜೊಂದರಲ್ಲಿ ಶುರುವಾದ ಹಿಜಾಬ್ ವಿವಾದ, 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ನಮಗೆಲ್ಲ ಗೊತ್ತಿರುವುದೇ. ಹಲ್ವಾಪುರಕ್ಕೂ ಉಡುಪಿಗೂ ಹೋಲಿಕೆ ಒಂದು ಮಿತಿಯವರೆಗೆ ಮಾತ್ರ. ಅಲ್ಲಿ ಶಾಲೆಯನ್ನೇ ಮುಚ್ಚಿದವರು ಬಂದೂಕಿನವರು. ಇಲ್ಲಿ ಶಾಲೆ ತೆರೆದಿತ್ತು, ಗೇಟು ಮಾತ್ರ ಕೆಲವರಿಗೆ ಮುಚ್ಚಿತ್ತು, ವಾದ ನ್ಯಾಯಾಲಯದಲ್ಲಿ ನಡೆಯಿತು. ಆದರೆ ಎರಡೂ ಕಡೆ ಒಂದು ಸಂಗತಿ ಸಮಾನ. ತೊಡಿಸುವವರು, ತೆಗೆಸುವವರು, ಹೊಗಳುವವರು, ಹಳಿಯುವವರು ಎಲ್ಲರೂ ಒಂದು ಗಜ ಬಟ್ಟೆಯ ಸುತ್ತ ನಿಂತು ಕೂಗುತ್ತಿದ್ದಾಗ ಚೀಲ ಹೊತ್ತ ಹುಡುಗಿ ಗೇಟಿನ ಹೊರಗೆ ನಿಂತಿದ್ದಳು. ಅವಳ ಪರೀಕ್ಷೆಯ ತಾರೀಖು ಯಾರ ಜಗಳಕ್ಕೂ ಕಾಯಲಿಲ್ಲ.

ಹಗಲಿನ ಜಿಯಾ

ಸರಣಿ ಅಫಘಾನಿಸ್ತಾನದಲ್ಲೂ ಅಲ್ಲಿನ ಭಾಷೆಗಳಲ್ಲಿ ಪ್ರಸಾರವಾಗಿತ್ತು. 2021ರ ಆಗಸ್ಟ್ 15ರಂದು ಕಾಬೂಲ್ ಮತ್ತೆ ತಾಲಿಬಾನಿನ ಕೈಸೇರಿತು. ಆರನೇ ತರಗತಿಯ ಮೇಲಿನ ಹುಡುಗಿಯರಿಗೆ ಶಾಲೆಯ ಬಾಗಿಲು ಮುಚ್ಚಿತು. 2022ರ ಮಾರ್ಚ್ 23ರಂದು ತೆರೆಯುತ್ತದೆಂದು ನಂಬಿ ಚೀಲ ಹೆಗಲಿಗೇರಿಸಿ ಬಂದ ಹುಡುಗಿಯರನ್ನು ಅದೇ ದಿನ ಮನೆಗೆ ಕಳಿಸಿದರು. ಅದೇ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳೂ ಅವರಿಗೆ ಮುಚ್ಚಿದವು. ಹಲ್ವಾಪುರದ ಬೀಗ ಅರ್ಧ ಗಂಟೆಯೊಳಗೆ ತೆರೆಯುತ್ತದೆ. ಕಾಬೂಲಿನ ಬೀಗಕ್ಕೆ ಹಾರಿ ಬರುವ ಯಾರೂ ಇಲ್ಲ. ಹಾಗಾದರೆ ಆ ನಗುವಿನಿಂದ ಏನು ಬಂತು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ನಮಗೆ ತೋಚುವುದು ಇಷ್ಟು. ಕಾರ್ಟೂನು ಬೀಗ ಒಡೆಯುವುದಿಲ್ಲ, ಒಡೆಯುತ್ತದೆಂದು ಅದನ್ನು ಮಾಡಿದವರೂ ನಂಬಿರಲಿಕ್ಕಿಲ್ಲ. ಬೀಗ ಹಾಕಿದವನು ಮೇಲಿನಿಂದ ಇಳಿದು ಬಂದವನಲ್ಲ, ನಗಬಹುದಾದ ಸಾಮಾನ್ಯ ಮನುಷ್ಯ ಎಂಬುದನ್ನು ಅದು ಮಕ್ಕಳಿಗೆ ತೋರಿಸುತ್ತದೆ. ಉಳಿದದ್ದು ನಿಧಾನದ ಕೆಲಸ. 1911ರಲ್ಲಿ ಕಲ್ಕತ್ತೆಯಲ್ಲಿ ಬೇಗಂ ರುಕಿಯಾ ತಮ್ಮ ಗಂಡನ ಹೆಸರಿನ ಸಖಾವತ್ ಮೆಮೋರಿಯಲ್ ಶಾಲೆಯನ್ನು ಆರಂಭಿಸಿದಾಗ ಇದ್ದ ವಿದ್ಯಾರ್ಥಿನಿಯರು 8. ಮನೆಮನೆಗೆ ಹೋಗಿ, ಪರದೆ ಕಟ್ಟಿದ ಗಾಡಿ ಕಳಿಸುತ್ತೇವೆಂದು ಒಪ್ಪಿಸಿ, ಒಬ್ಬೊಬ್ಬಳನ್ನೇ ಕರೆತರಬೇಕಿತ್ತು. ಹತ್ತಿರದಿಂದ ನೋಡಿದರೆ ಸುಲ್ತಾನಾಳ ಕನಸನ್ನು ಬರೆದ ಕೈಯೇ ಹಾಜರಿ ಪುಸ್ತಕವನ್ನೂ ಬರೆಯುತ್ತಿತ್ತು.

ಬುರ್ಖಾ ಅವೆಂಜರ್ ಕುರಿತು ಬಂದ ಬರಹಗಳಲ್ಲಿ ತೀರ ಕಡಿಮೆ ಚರ್ಚೆಯಾದ ಪಾತ್ರವೆಂದರೆ ಹಗಲಿನ ಜಿಯಾ. ಬುರ್ಖಾ ತೊಟ್ಟು ಅವಳು ಹಾರುವುದು ಪ್ರತಿ ಕಂತಿನಲ್ಲಿ ಕೆಲವೇ ನಿಮಿಷ. ಉಳಿದ ಹೊತ್ತು ಅವಳು ಮಕ್ಕಳ ನಡುವೆ ಇರುವ ಟೀಚರಮ್ಮ. ಅವಳಿಗೆ ಮುಖವಾಡವಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಬೆಳಿಗ್ಗೆ ಬಾಗಿಲು ತೆರೆದು ಹಾಜರಿ ಕರೆಯುವವಳು ಅವಳೇ.